ಲಿನೀಯಸ್ ಟ್ರೈಪ್

ಲಿನೀಯಸ್ ಟ್ರೈಪ್ (14 ಏಪ್ರಿಲ್ 1822 – 2 ಮಾರ್ಚ್ 1902) ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಅಧಿಕಾರಿ ಹಾಗೂ ಹತ್ತೊಂಬತ್ತನೆಯ ಶತಮಾನದ ಪ್ರಮುಖ ಛಾಯಾಗ್ರಾಹಕ. ಬೆಂಗಳೂರಿನಲ್ಲಿ ನೆಲೆಸಿದ್ದ ಅವರು 1854ರ ಡಿಸೆಂಬರ್‌ನಲ್ಲಿ ಹಳೇಬೀಡು ಮತ್ತು ಬೇಲೂರಿನ ಹೊಯ್ಸಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದರು. ಇವು ಕರ್ನಾಟಕದ ದೇವಾಲಯ ಶಿಲ್ಪದ ಅತ್ಯಂತ ಹಳೆಯ ಛಾಯಾಚಿತ್ರ ದಾಖಲೆಗಳಲ್ಲಿ ಸೇರಿವೆ. ಮುಂದೆ ಬರ್ಮಾ, ತಂಜಾವೂರು, ಮಧುರೆ, ಶ್ರೀರಂಗ ಮೊದಲಾದ ಸ್ಥಳಗಳನ್ನೂ ಅವರು ಚಿತ್ರೀಕರಿಸಿದರು. ಸೂರ್ಯನ ಬೆಳಕೊಂದನ್ನೇ ನಂಬಿ, ಕಂದು, ಬೂದು ಮತ್ತು ನಸುನೇರಳೆ ಛಾಯೆಗಳ ಮಿತಿಯೊಳಗೆ ಕಲ್ಲಿನ ರಚನೆಯನ್ನು ಸ್ಪಷ್ಟವಾಗಿ ತೋರಿಸಿದ ರೀತಿಗೆ ಅವರ ಚಿತ್ರಗಳು ಹೆಸರಾಗಿವೆ. ಅವರ ಮುಖ್ಯ ಕೃತಿಗಳೆಲ್ಲವೂ ಎಂಟು ವರ್ಷಗಳಿಗೂ ಕಡಿಮೆ ಅವಧಿಯಲ್ಲಿ ರಚನೆಯಾದವು.

ಜನನ ಮತ್ತು ಸೈನಿಕ ಜೀವನ

ಟ್ರೈಪ್ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬಂದರು ಪಟ್ಟಣವಾದ ಡೆವನ್‌ಪೋರ್ಟ್‌ನಲ್ಲಿ ಜನಿಸಿದರು. ತಂದೆ ಕಾರ್ನೀಲಿಯಸ್ ಟ್ರೈಪ್, ತಾಯಿ ಮೇರಿ. ದಂಪತಿಗಳ ಹನ್ನೆರಡು ಮಕ್ಕಳಲ್ಲಿ ಲಿನೀಯಸ್ ಒಂಬತ್ತನೆಯವರು. 1838ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿದರು. 1840ರಲ್ಲಿ ಲೆಫ್ಟಿನೆಂಟ್ ಹುದ್ದೆ ದೊರೆತು, ಮದರಾಸಿನ 12ನೆಯ ದೇಶೀಯ ಪದಾತಿ ದಳದಲ್ಲಿ ದಕ್ಷಿಣ ಭಾರತದಲ್ಲಿ ಸೇವೆ ಸಲ್ಲಿಸಿದರು.

ಸುಮಾರು ಹತ್ತು ವರ್ಷಗಳ ಸೇವೆಯ ನಂತರ ಅವರು ರಜೆಯ ಮೇಲೆ ಸ್ವದೇಶಕ್ಕೆ ಮರಳಿದರು. ಅನಾರೋಗ್ಯದ ಕಾರಣದಿಂದ ರಜೆ 1854ರವರೆಗೂ ಮುಂದುವರಿಯಿತು. ಅವರ ಬದುಕಿನ ದಿಕ್ಕು ಬದಲಾದದ್ದು ಈ ಅವಧಿಯಲ್ಲಿ.

ಛಾಯಾಗ್ರಹಣದ ಕಲಿಕೆ

ಛಾಯಾಗ್ರಹಣವು 1839ರಲ್ಲಿ ಲೋಕಕ್ಕೆ ಪರಿಚಯವಾಗಿತ್ತು. ಟ್ರೈಪ್ ಇಂಗ್ಲೆಂಡಿಗೆ ಮರಳಿದ ಸಮಯದಲ್ಲಿ ಅದು ವಿದ್ಯಾವಂತ ಹವ್ಯಾಸಿಗಳ ನಡುವೆ ವೇಗವಾಗಿ ಹರಡುತ್ತಿತ್ತು. ಅವರು ಡೆವನ್‌ಪೋರ್ಟ್‌ನ ಹಡಗುಕಟ್ಟೆ ಮತ್ತು ನೌಕೆಗಳನ್ನು ಚಿತ್ರೀಕರಿಸುತ್ತ ಈ ವಿದ್ಯೆಯನ್ನು ಅಭ್ಯಾಸ ಮಾಡಿದರು. 1853ರಲ್ಲಿ ಆಗತಾನೇ ಸ್ಥಾಪನೆಯಾಗಿದ್ದ ಲಂಡನ್ ಛಾಯಾಗ್ರಹಣ ಸಂಘದ ಸದಸ್ಯರಾದರು.

ಟ್ರೈಪ್ ಹೆಚ್ಚಾಗಿ ಬಳಸಿದ್ದು ಕಾಗದದ ನೆಗೆಟಿವ್. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತೆಳುವಾದ ಕಾಗದಕ್ಕೆ ಮೊದಲು ಮೇಣವನ್ನು ಹೀರಿಸಿ, ಅನಂತರ ಬೆಳ್ಳಿಯ ಲವಣಗಳಿಂದ ಬೆಳಕಿಗೆ ಸ್ಪಂದಿಸುವಂತೆ ಮಾಡಲಾಗುತ್ತಿತ್ತು. ಗಾಜಿನ ಮೇಲೆ ಕೊಲೋಡಿಯನ್ ಲೇಪಿಸುವ ವಿಧಾನದಲ್ಲಿ ಲೇಪನ ಹಸಿಯಾಗಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಮೇಣದ ಕಾಗದವನ್ನಾದರೋ ಮುಂಚಿತವಾಗಿ ಸಿದ್ಧಪಡಿಸಿಟ್ಟು ಪ್ರಯಾಣದಲ್ಲಿ ಒಯ್ಯಬಹುದಾಗಿತ್ತು. ಉಷ್ಣ ಪ್ರದೇಶದಲ್ಲಿ ದೂರದ ಊರುಗಳಿಗೆ ಹೋಗುವ ಛಾಯಾಗ್ರಾಹಕನಿಗೆ ಇದು ದೊಡ್ಡ ಅನುಕೂಲ. ಅದಕ್ಕೆ ತೆರಬೇಕಾದ ಬೆಲೆ ಸಮಯ. ಕಾಗದದ ನೆಗೆಟಿವ್‌ಗೆ ದೀರ್ಘಕಾಲ ಬೆಳಕು ಬೀಳಬೇಕಾಗಿದ್ದುದರಿಂದ ಚಲಿಸುವ ಮನುಷ್ಯರಾಗಲಿ ಪ್ರಾಣಿಗಳಾಗಲಿ ಚಿತ್ರದಲ್ಲಿ ಮೂಡುತ್ತಿರಲಿಲ್ಲ, ಮೂಡಿದರೂ ಮಸುಕಾಗುತ್ತಿದ್ದವು. ಟ್ರೈಪ್ ಅವರ ಹೆಚ್ಚಿನ ಚಿತ್ರಗಳು ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಬೆಂಗಳೂರು, ಹಳೇಬೀಡು ಮತ್ತು ಬೇಲೂರು

1854ರ ಜೂನ್‌ನಲ್ಲಿ ಟ್ರೈಪ್ ಕ್ಯಾಪ್ಟನ್ ಆಗಿ ಬೆಂಗಳೂರಿಗೆ ಮರಳಿದರು. ಅಂದು ಬೆಂಗಳೂರು ದಂಡು ದಕ್ಷಿಣ ಭಾರತದ ಮುಖ್ಯ ಸೇನಾ ನೆಲೆಗಳಲ್ಲಿ ಒಂದಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಮೈಸೂರು ಸೀಮೆಯ ಹೊಯ್ಸಳ ದೇವಾಲಯಗಳತ್ತ ಪ್ರಯಾಣ ಬೆಳೆಸಿದರು. ಭಾರತದಲ್ಲಿ ಅವರು ತೆಗೆದ ಮೊದಲ ಛಾಯಾಚಿತ್ರಗಳು ಈ ಪ್ರಯಾಣದವು.

ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಮೃದುವಾದದ್ದು, ಹಸಿರು ಬೆರೆತ ಬೂದು ಬಣ್ಣದ್ದು. ದೇವಾಲಯದ ಹೊರಗೋಡೆ ನಕ್ಷತ್ರಾಕಾರದಲ್ಲಿ ಕೋನಕೋನವಾಗಿ ಮಡಚಿಕೊಂಡಿದ್ದು, ಅದರ ಮೇಲೆ ಆನೆ, ಕುದುರೆ, ಬಳ್ಳಿ ಮತ್ತು ಪುರಾಣ ಕಥೆಗಳ ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ಬಣ್ಣದ ವ್ಯತ್ಯಾಸವೇ ಇಲ್ಲದ ಇಂತಹ ಗೋಡೆಯಲ್ಲಿ ಆಕೃತಿಗಳನ್ನು ಬೇರ್ಪಡಿಸಿ ತೋರಿಸಬಲ್ಲದ್ದು ನೆರಳು ಮಾತ್ರ. ಹಳೇಬೀಡಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್‌ನಲ್ಲಾದರೆ ನಡುಹಗಲಲ್ಲೂ ದಕ್ಷಿಣ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಬೆಳಗ್ಗೆ ಮತ್ತು ಸಂಜೆ ಓರೆಯಾಗಿ ಬೀಳುವ ಬಿಸಿಲು ಗೋಡೆಯ ಮೇಲೆ ಸವರಿಕೊಂಡು ಹೋಗುವಾಗ ಪ್ರತಿಯೊಂದು ಉಬ್ಬೂ ತನ್ನ ಪಕ್ಕದಲ್ಲಿ ತೆಳುವಾದ ನೆರಳನ್ನು ಚೆಲ್ಲುತ್ತದೆ. ಮಳೆ ನಿಂತು ಗಾಳಿ ತಿಳಿಯಾಗಿರುವ ಕಾಲವೂ ಇದೇ. ಹೀಗೆ ಟ್ರೈಪ್ ಪ್ರಯಾಣ ಕೈಗೊಂಡ ತಿಂಗಳು ಹೊಯ್ಸಳ ಶಿಲ್ಪದ ಚಿತ್ರೀಕರಣಕ್ಕೆ ಬಹಳ ಅನುಕೂಲವಾದುದಾಗಿತ್ತು.

1855ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ನಡೆದ ದಕ್ಷಿಣ ಭಾರತದ ಕಚ್ಚಾವಸ್ತು, ಕಲೆ ಮತ್ತು ಕೈಗಾರಿಕೆಗಳ ಪ್ರದರ್ಶನದಲ್ಲಿ ಟ್ರೈಪ್ ತಮ್ಮ 68 ಛಾಯಾಚಿತ್ರಗಳನ್ನು ಇರಿಸಿದರು. ಕಾಗದದ ಮೇಲಿನ ಛಾಯಾಚಿತ್ರಗಳ ವಿಭಾಗದಲ್ಲಿ ತೀರ್ಪುಗಾರರು ಇವನ್ನು ಅತ್ಯುತ್ತಮ ಸರಣಿಯೆಂದು ಗುರುತಿಸಿದರು.

ಇದೇ ದಶಕದಲ್ಲಿ ಕರ್ನಾಟಕದ ಸ್ಮಾರಕಗಳನ್ನು ಇತರ ಅಧಿಕಾರಿಗಳೂ ಚಿತ್ರೀಕರಿಸಿದರು. ಮದರಾಸು ಸೈನ್ಯದ ವೈದ್ಯ ಆಂಡ್ರ್ಯೂ ನೀಲ್ ಮೈಸೂರು ಸೀಮೆಯ ದೇವಾಲಯಗಳನ್ನೂ, ಬೊಂಬಾಯಿ ಸರ್ಕಾರದ ಪರವಾಗಿ ಥಾಮಸ್ ಬಿಗ್ಸ್ ಮತ್ತು ವಿಲಿಯಂ ಪಿಗೌ ಉತ್ತರ ಕರ್ನಾಟಕದ ಸ್ಮಾರಕಗಳನ್ನೂ ಚಿತ್ರೀಕರಿಸಿದರು. ಈ ಮೂವರ ಚಿತ್ರಗಳು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತ 1866ರ ಗ್ರಂಥದಲ್ಲಿ ಪ್ರಕಟವಾದವು.

ಬರ್ಮಾ ಯಾತ್ರೆ

1852ರ ಎರಡನೆಯ ಆಂಗ್ಲೋ-ಬರ್ಮಾ ಯುದ್ಧದಲ್ಲಿ ಬ್ರಿಟಿಷರು ಪೆಗು ಪ್ರಾಂತ್ಯವನ್ನು ವಶಪಡಿಸಿಕೊಂಡಿದ್ದರು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ಅರಸ ಮಿಂಡಾನ್‌ನ ಆಸ್ಥಾನಕ್ಕೆ ಆರ್ಥರ್ ಫೇರ್ ನೇತೃತ್ವದಲ್ಲಿ ನಿಯೋಗವೊಂದನ್ನು ಕಳುಹಿಸಿದರು. ಹೆನ್ರಿ ಯೂಲ್ ಅದರ ಕಾರ್ಯದರ್ಶಿ, ಕೋಲ್ಸ್‌ವರ್ದಿ ಗ್ರಾಂಟ್ ಚಿತ್ರಕಾರ. ಟ್ರೈಪ್ ಅಧಿಕೃತ ಛಾಯಾಗ್ರಾಹಕರಾಗಿ ನೇಮಕಗೊಂಡರು. ಬ್ರಿಟಿಷರು ಬಯಸಿದ್ದ ಒಪ್ಪಂದ ಈ ಯಾತ್ರೆಯಲ್ಲಿ ಕೈಗೂಡಲಿಲ್ಲ.

ಐರಾವತಿ ನದಿಯಗುಂಟ ಸಾಗಿದ ಈ ಯಾತ್ರೆಯಲ್ಲಿ ಟ್ರೈಪ್ ಪಗಾನ್‌ನ ಪ್ರಾಚೀನ ದೇವಾಲಯಗಳನ್ನೂ, ರಾಜಧಾನಿ ಅಮರಪುರದ ವಿಹಾರಗಳು, ಬೀದಿಗಳು ಮತ್ತು ಮರದ ಸೇತುವೆಯನ್ನೂ ಚಿತ್ರೀಕರಿಸಿದರು. ಆಗಸ್ಟ್‌ನಿಂದ ನವೆಂಬರ್‌ವರೆಗಿನ ಅವಧಿಯಾದ್ದರಿಂದ ಮೋಡ ಮತ್ತು ಮಳೆ ಕೆಲಸಕ್ಕೆ ಅಡ್ಡಿಯಾದವು. ಅನಾರೋಗ್ಯವೂ ಕಾಡಿತು. ನಿಯೋಗದ ಪಯಣ ಛಾಯಾಗ್ರಾಹಕನ ಬೆಳಕಿಗಾಗಿ ಕಾಯುವಂತಿರಲಿಲ್ಲ. ಇಷ್ಟಾದರೂ ಅವರು 200ಕ್ಕೂ ಹೆಚ್ಚು ನೆಗೆಟಿವ್‌ಗಳೊಂದಿಗೆ ಹಿಂತಿರುಗಿದರು.

ಬೆಂಗಳೂರಿನ ಮುದ್ರಣ ಕಾರ್ಯ

ಯಾತ್ರೆಯಿಂದ ಮರಳಿದ ಮೇಲೆ ಟ್ರೈಪ್ ಬೆಂಗಳೂರಿನಲ್ಲಿ ಮುದ್ರಣದ ಏರ್ಪಾಡು ಮಾಡಿಕೊಂಡರು. ಆಯ್ದ 120 ಬರ್ಮಾ ದೃಶ್ಯಗಳ 50 ಸಂಪುಟಗಳನ್ನು, ಅಂದರೆ ಒಟ್ಟು 6000 ಮುದ್ರಿತ ಚಿತ್ರಗಳನ್ನು, ಸಿದ್ಧಪಡಿಸಬೇಕಾಗಿತ್ತು. ಭಾರತೀಯ ಸಹಾಯಕರ ನೆರವಿನಿಂದ ಈ ಕೆಲಸ 1857ರಲ್ಲಿ ಪೂರ್ಣಗೊಂಡಿತು.

ಅಂದಿನ ಮುದ್ರಣವೂ ಸೂರ್ಯನ ಬೆಳಕಿನಿಂದಲೇ ನಡೆಯುತ್ತಿತ್ತು. ನೆಗೆಟಿವನ್ನು ದೊಡ್ಡದು ಮಾಡುವ ಅನುಕೂಲ ಇಲ್ಲದಿದ್ದುದರಿಂದ ಅದನ್ನು ಸಂಸ್ಕರಿಸಿದ ಕಾಗದಕ್ಕೆ ನೇರವಾಗಿ ಒತ್ತಿ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಇಡಲಾಗುತ್ತಿತ್ತು. ಚಿತ್ರ ಕಣ್ಣೆದುರಿಗೇ ನಿಧಾನವಾಗಿ ಕಪ್ಪಾಗುತ್ತ ಮೂಡುತ್ತಿತ್ತು. ಬಿಸಿಲಿನ ತೀವ್ರತೆ ಬದಲಾದಂತೆ ಕಾಯುವ ಸಮಯವೂ ಬದಲಾಗಬೇಕು. ಸ್ವಲ್ಪ ಮೊದಲೇ ತೆಗೆದರೆ ಚಿತ್ರ ಪೇಲವ, ತಡವಾದರೆ ನೆರಳಿನ ವಿವರಗಳೆಲ್ಲ ಮುಚ್ಚಿಹೋಗುತ್ತವೆ. ಒಂದೇ ಸಂಪುಟದ ಚಿತ್ರಗಳು ಒಂದೇ ಹದದಲ್ಲಿ ಇರಬೇಕಾದರೆ ಪ್ರತಿಯೊಂದು ಹಾಳೆಯನ್ನೂ ಬೇರೆಬೇರೆಯಾಗಿ ಗಮನಿಸಬೇಕಿತ್ತು. ಹಾಗಾಗಿ ಬರ್ಮಾದ ಈ ಚಿತ್ರಗಳು ಎರಡು ಬಿಸಿಲುಗಳ ಫಲ. ನೆಗೆಟಿವ್ ಐರಾವತಿ ತೀರದ ಬೆಳಕಿನಲ್ಲಿ ಮೂಡಿದ್ದರೆ, ಮುದ್ರಿಕೆ ಬೆಂಗಳೂರಿನ ಬೆಳಕಿನಲ್ಲಿ ಮೂಡಿತು.

ಮದರಾಸು ಸರ್ಕಾರದ ಛಾಯಾಗ್ರಾಹಕ

ಪ್ರಾಚೀನ ಸ್ಮಾರಕಗಳನ್ನು ದಾಖಲಿಸಲು ಕೈಚಿತ್ರಗಳಿಗಿಂತ ಛಾಯಾಚಿತ್ರಗಳು ಹೆಚ್ಚು ನಿಖರ ಮತ್ತು ಶೀಘ್ರ ಎಂಬ ಅಭಿಪ್ರಾಯ 1850ರ ದಶಕದಲ್ಲಿ ಕಂಪನಿಯ ಆಡಳಿತದಲ್ಲಿ ಬೇರೂರಿತು. ಗವರ್ನರ್ ಲಾರ್ಡ್ ಹ್ಯಾರಿಸ್ ಅವರ ಕಾಲದಲ್ಲಿ ಟ್ರೈಪ್ ಮದರಾಸು ಸರ್ಕಾರದ ಛಾಯಾಗ್ರಾಹಕರಾಗಿ ನೇಮಕಗೊಂಡರು.

1857ರ ಡಿಸೆಂಬರ್ ಮಧ್ಯದಲ್ಲಿ ಆರಂಭವಾದ ಅವರ ಪ್ರವಾಸ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ದೊಡ್ಡ ಗಾತ್ರದ ಕ್ಯಾಮರಾ, ರಾಸಾಯನಿಕಗಳು ಮತ್ತು ಕಾಗದದ ಹೊರೆಯೊಂದಿಗೆ ಅವರು ಸೇಲಂ ಜಿಲ್ಲೆಯ ರಾಯಕೋಟೆ, ತಿರುಚಿರಾಪಳ್ಳಿ, ಶ್ರೀರಂಗ, ಪುದುಕೋಟೆ, ಮಧುರೆ, ತಂಜಾವೂರು ಮತ್ತು ತಿರುವೈಯಾರುಗಳನ್ನು ಚಿತ್ರೀಕರಿಸಿದರು. ಈ ಸ್ಥಳಗಳ ಚಿತ್ರಸಂಪುಟಗಳು 1858ರಲ್ಲಿ ಪ್ರಕಟವಾದವು. ಮದರಾಸು ವಸ್ತುಸಂಗ್ರಹಾಲಯದಲ್ಲಿದ್ದ ಅಮರಾವತಿಯ ಬೌದ್ಧ ಶಿಲ್ಪಗಳ ಸಂಪುಟವೂ ಇವುಗಳಲ್ಲಿ ಸೇರಿದೆ.

ಈ ಪ್ರವಾಸದ ಅತ್ಯಂತ ವಿಶಿಷ್ಟ ಕೃತಿ ತಂಜಾವೂರಿನ ಬೃಹದೀಶ್ವರ ದೇವಾಲಯದ ತಳಭಾಗದ ಶಾಸನಗಳದ್ದು. ಗೋಡೆಯ ಉದ್ದಕ್ಕೂ ಹರಿಯುವ ಅಕ್ಷರಸಾಲುಗಳನ್ನು ಟ್ರೈಪ್ ಬಿಡಿಬಿಡಿಯಾಗಿ ಚಿತ್ರೀಕರಿಸಿ, 21 ಮುದ್ರಿಕೆಗಳನ್ನು ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಸುರುಳಿಯನ್ನಾಗಿ ಮಾಡಿದರು. ಕಲ್ಲಿನಲ್ಲಿ ಕೊರೆದ ಅಕ್ಷರ ಓದಲು ಬರುವುದು ಅದರ ಗೆರೆಯೊಳಗೆ ನೆರಳು ನಿಂತಾಗ ಮಾತ್ರ. ಇಷ್ಟು ಉದ್ದದ ಗೋಡೆಯ ಎಲ್ಲ ಭಾಗಗಳಲ್ಲಿಯೂ ಅಕ್ಷರಗಳು ಒಂದೇ ಹದದಲ್ಲಿ ಕಾಣುವಂತೆ ಬೆಳಕನ್ನು ಅಳೆದು ಬಳಸಿರುವುದು ಈ ಕೃತಿಯ ಹಿರಿಮೆ.

ಬೆಳಕಿನ ಬಳಕೆ

ಟ್ರೈಪ್ ಅವರಿಗೆ ಕೃತಕ ಬೆಳಕಿನ ಸೌಲಭ್ಯ ಇರಲಿಲ್ಲ. ಎಲ್ಲಿ ನಿಲ್ಲಬೇಕು ಮತ್ತು ಯಾವ ಹೊತ್ತಿಗೆ ನಿಲ್ಲಬೇಕು ಎಂಬ ಎರಡು ತೀರ್ಮಾನಗಳಷ್ಟೇ ಅವರ ಕೈಯಲ್ಲಿದ್ದವು. ಹೊರಾಂಗಣದ ಚಿತ್ರಗಳಲ್ಲಿ ಅವರು ಹೆಚ್ಚಾಗಿ ಕಟ್ಟಡದ ಮೂಲೆಗೆ ಎದುರಾಗಿ ನಿಂತು, ಒಂದು ಮುಖ ಬಿಸಿಲಿನಲ್ಲಿಯೂ ಮತ್ತೊಂದು ನೆರಳಿನಲ್ಲಿಯೂ ಇರುವಂತೆ ಆರಿಸಿಕೊಂಡಿದ್ದಾರೆ. ಇದರಿಂದ ಕಟ್ಟಡದ ಗಾತ್ರ ಮತ್ತು ಆಳ ಚಪ್ಪಟೆಯಾದ ಕಾಗದದ ಮೇಲೂ ಅನುಭವಕ್ಕೆ ಬರುತ್ತವೆ.

ಬೆಳ್ಳಿಯ ಲವಣಗಳು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತವೆ, ಕೆಂಪು ಮತ್ತು ಹಸಿರಿಗೆ ಬಹಳ ಕಡಿಮೆ. ಬಿಸಿಲು ನೇರವಾಗಿ ತಾಗದ ಜಾಗಕ್ಕೆ ಬರುವುದು ಆಕಾಶದ ನೀಲಿ ಬೆಳಕು. ಆದ್ದರಿಂದ ಬರಿಗಣ್ಣಿಗೆ ಕತ್ತಲೆಯೆನಿಸುವ ನೆರಳಿನೊಳಗಿನ ವಿವರಗಳೂ ಸಾಕಷ್ಟು ಹೊತ್ತು ಕಾದರೆ ನೆಗೆಟಿವ್‌ನಲ್ಲಿ ದಾಖಲಾಗುತ್ತಿದ್ದವು. ಮಧುರೆಯ ಪುದುಮಂಟಪ ಮತ್ತು ತಿರುಮಲ ನಾಯಕನ ಅರಮನೆಯ ಚಿತ್ರಗಳಲ್ಲಿ ಈ ಗುಣದ ಪ್ರಯೋಜನ ಕಾಣುತ್ತದೆ. ಪಕ್ಕದಿಂದ ಸೋರಿ ಬರುವ ಹಗಲಿನ ಬೆಳಕು ಕಂಬದಿಂದ ಕಂಬಕ್ಕೆ ತಗ್ಗುತ್ತ ಹೋಗುವುದನ್ನು ಅವು ಹಂತಹಂತವಾಗಿ ತೋರಿಸುತ್ತವೆ.

ಇದೇ ಗುಣದ ದೋಷವೂ ಇತ್ತು. ನೆಲದ ವಿವರಗಳು ಮೂಡುವಷ್ಟರಲ್ಲಿ ಆಕಾಶವು ಅತಿಯಾಗಿ ಬೆಳಕುಂಡು, ಮುದ್ರಿಕೆಯಲ್ಲಿ ಬೋಳಾಗಿಯೋ ಕಲೆಕಲೆಯಾಗಿಯೋ ಕಾಣುತ್ತಿತ್ತು. ಮರಗಿಡಗಳು ಕಪ್ಪು ಮುದ್ದೆಗಳಾಗುತ್ತಿದ್ದವು. ಟ್ರೈಪ್ ನೆಗೆಟಿವ್‌ನ ಮೇಲೆ ಬಣ್ಣ ಲೇಪಿಸಿ ಆಕಾಶವನ್ನು ಸಮಗೊಳಿಸಿದರು. ಕೆಲವೆಡೆ ತೆಳುವಾದ ಮೋಡಗಳನ್ನು ಬರೆದರು, ಎಲೆಗಳಿಗೆ ಬೆಳಕಿನ ಚುಕ್ಕೆಗಳನ್ನು ಸೇರಿಸಿದರು. ನಿಖರ ದಾಖಲೆಯನ್ನೇ ಉದ್ದೇಶವಾಗಿಟ್ಟುಕೊಂಡಿದ್ದ ಅಧಿಕಾರಿಯೊಬ್ಬರು ಹೀಗೆ ಕುಂಚ ಹಿಡಿದದ್ದು ವಿರೋಧಾಭಾಸವೆಂದು ತೋರಬಹುದು. ಆದರೆ ಈ ತಿದ್ದುಪಡಿಗಳು ಹೆಚ್ಚಾಗಿ ಆಕಾಶ ಮತ್ತು ಎಲೆಗೊಂಚಲುಗಳಿಗೆ ಸಂಬಂಧಿಸಿದವು. ಕಣ್ಣು ಕಂಡದ್ದನ್ನು ಕಾಗದ ಗ್ರಹಿಸಲಾರದೆ ಹೋದ ಕಡೆಗಳಲ್ಲಿ ಅವು ಆ ಕೊರತೆಯನ್ನು ತುಂಬುತ್ತವೆ.

ವರ್ಣಛಾಯೆ

ಟ್ರೈಪ್ ಅವರ ಚಿತ್ರಗಳು ಕಪ್ಪು-ಬಿಳುಪಿನವು ಎಂದು ಹೇಳುವುದು ಪೂರ್ಣ ಸರಿಯಲ್ಲ. ಉಪ್ಪು ಮತ್ತು ಬೆಳ್ಳಿಯ ಲವಣದಿಂದ ಸಂಸ್ಕರಿಸಿದ ಕಾಗದದ ಸಹಜ ಬಣ್ಣ ಕೆಂಪು ಬೆರೆತ ಕಂದು. ಅದಕ್ಕೆ ಮೊಟ್ಟೆಯ ಲೋಳೆಯ ತೆಳು ಲೇಪನ ಕೊಟ್ಟಾಗ ಚಿತ್ರ ಕಾಗದದ ನಾರಿನೊಳಗೆ ಇಂಗಿಹೋಗದೆ ಮೇಲ್ಮೈಯಲ್ಲಿ ಉಳಿದು ವಿವರಗಳು ತಿಳಿಯಾಗುತ್ತಿದ್ದವು. ಲೇಪನ ಹಿತಮಿತವಾಗಿದ್ದುದರಿಂದ ಹೊಳಪು ಅತಿಯಾಗುತ್ತಿರಲಿಲ್ಲ. ಬಂಗಾರದ ಲವಣದ ದ್ರಾವಣದಲ್ಲಿ ಅದ್ದಿದಾಗ ಕಂದು ಬಣ್ಣ ತಣ್ಣಗಾಗಿ ನಸುನೇರಳೆ ಅಥವಾ ಬೂದು ಛಾಯೆಗೆ ತಿರುಗುತ್ತಿತ್ತು.

ಬಂಗಾರದ ಸಂಸ್ಕಾರದ ಉದ್ದೇಶ ಅಂದವೊಂದೇ ಆಗಿರಲಿಲ್ಲ. ಆ ಕಾಲದ ಕಾಗದದ ಛಾಯಾಚಿತ್ರಗಳು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಮಾಸಿಹೋಗುವುದು ಛಾಯಾಗ್ರಾಹಕರ ದೊಡ್ಡ ಚಿಂತೆಯಾಗಿತ್ತು. ಬೆಳ್ಳಿಯ ಕಣಗಳ ಮೇಲೆ ಕೂರುವ ಬಂಗಾರ ಅವುಗಳನ್ನು ರಕ್ಷಿಸುತ್ತದೆ. ಟ್ರೈಪ್ ಅವರ ಎಷ್ಟೋ ಮುದ್ರಿಕೆಗಳು 160ಕ್ಕೂ ಹೆಚ್ಚು ವರ್ಷಗಳ ನಂತರವೂ ತಮ್ಮ ಗಾಢತೆಯನ್ನು ಉಳಿಸಿಕೊಂಡಿರುವುದಕ್ಕೆ ಮುದ್ರಣದಲ್ಲಿ ಅವರು ವಹಿಸಿದ ಎಚ್ಚರಿಕೆ ಕಾರಣ.

ಅವರ ಚಿತ್ರಗಳಲ್ಲಿ ಅಚ್ಚ ಬಿಳುಪು ಮತ್ತು ಅಚ್ಚ ಕಪ್ಪು ಅಪರೂಪ. ಹೆಚ್ಚಿನ ಭಾಗ ಇವೆರಡರ ನಡುವಿನ ತಗ್ಗಿದ ಛಾಯೆಗಳಲ್ಲಿ ನಿಲ್ಲುತ್ತದೆ. ಮಳೆಗೆ ಕಪ್ಪಾದ ಕಲ್ಲು, ಸುಣ್ಣ ಉದುರಿದ ಗೋಡೆ, ಪಾಚಿ ಒಣಗಿದ ಕಟ್ಟೆ, ಕೈ ಸೋಕಿ ನುಣುಪಾದ ಕಂಬ ಇವೆಲ್ಲ ಬೇರೆಬೇರೆಯಾಗಿ ಗುರುತಿಗೆ ಸಿಗುವುದು ಈ ನಡುವಣ ಛಾಯೆಗಳ ಸೂಕ್ಷ್ಮ ವ್ಯತ್ಯಾಸದಿಂದ. ಬಣ್ಣದ ಆಕರ್ಷಣೆ ಇಲ್ಲದಿರುವುದರಿಂದ ನೋಡುವವರ ಗಮನ ಕಲ್ಲಿನ ಮೇಲ್ಮೈ ಮತ್ತು ರಚನೆಯತ್ತ ಹರಿಯುತ್ತದೆ.

ವಿಭಾಗದ ಮುಚ್ಚುಗಡೆ

1859ರಲ್ಲಿ ಚಾರ್ಲ್ಸ್ ಟ್ರೆವೆಲ್ಯಾನ್ ಮದರಾಸಿನ ಗವರ್ನರ್ ಆದರು. 1857ರ ಬಂಡಾಯದ ನಂತರ ಸರ್ಕಾರದ ಹಣಕಾಸಿನ ಸ್ಥಿತಿ ಬಿಗಡಾಯಿಸಿತ್ತು. ಸರ್ಕಾರಿ ವೆಚ್ಚದಲ್ಲಿ ಛಾಯಾಚಿತ್ರ ವಿಭಾಗವನ್ನು ನಡೆಸುವುದು ದುಂದುವೆಚ್ಚ ಎಂಬುದು ಹೊಸ ಗವರ್ನರ್ ಅವರ ನಿಲುವಾಗಿತ್ತು. ಅವರು ಕೆಲಸವನ್ನು ನಿಲ್ಲಿಸಲು ಆದೇಶಿಸಿದರು. 1860ರ ವೇಳೆಗೆ ವಿಭಾಗ ಮುಚ್ಚಿತು.

ತಂಜಾವೂರು ಮತ್ತು ಮಧುರೆಯ ಪ್ರವಾಸದ ಮಾದರಿಯಲ್ಲಿ ದಕ್ಷಿಣ ಭಾರತದ ಉಳಿದ ಸ್ಮಾರಕಗಳನ್ನೂ ಕ್ರಮಬದ್ಧವಾಗಿ ದಾಖಲಿಸುವ ಅವಕಾಶ ಇದರಿಂದ ತಪ್ಪಿಹೋಯಿತು. ಮುಂದಿನ ದಶಕಗಳಲ್ಲಿ ಅನೇಕ ದೇವಾಲಯಗಳು ಜೀರ್ಣೋದ್ಧಾರ, ಸುಣ್ಣ-ಬಣ್ಣ ಮತ್ತು ಮರುನಿರ್ಮಾಣಗಳಿಂದ ರೂಪ ಬದಲಿಸಿಕೊಂಡವು. ಟ್ರೈಪ್ ಚಿತ್ರೀಕರಿಸಿದ ಸ್ಥಳಗಳಲ್ಲಿ ಹಿಂದಿನ ಸ್ಥಿತಿಯನ್ನು ಹೋಲಿಸಿ ನೋಡಲು ಸಾಧ್ಯವಿದೆ. ಅವರು ತಲುಪದೆ ಹೋದ ಎಷ್ಟೋ ಸ್ಥಳಗಳಿಗೆ ಅಷ್ಟು ಹಿಂದಿನ ಸಾಕ್ಷ್ಯವೇ ಇಲ್ಲ.

ಕೊನೆಯ ವರ್ಷಗಳು

ವಿಭಾಗ ಮುಚ್ಚಿದ ನಂತರ ಟ್ರೈಪ್ ಛಾಯಾಗ್ರಹಣವನ್ನು ಬಹುಮಟ್ಟಿಗೆ ತೊರೆದು ಸೈನಿಕ ಕರ್ತವ್ಯಕ್ಕೆ ಮರಳಿದರು. ಬರ್ಮಾದ ಟೌಂಗೂ ಪಟ್ಟಣದಲ್ಲಿದ್ದಾಗ, ಸುಮಾರು 1870ರ ಹೊತ್ತಿಗೆ, ತೆಗೆದ ಕೆಲವು ಚಿತ್ರಗಳು ಇದಕ್ಕೆ ಅಪವಾದ. 1870ರ ದಶಕದಲ್ಲಿ ನಿವೃತ್ತರಾದ ಅವರಿಗೆ ಗೌರವ ಮೇಜರ್ ಜನರಲ್ ಪದವಿ ದೊರೆಯಿತು. ತಮ್ಮ ಹುಟ್ಟೂರಾದ ಡೆವನ್‌ಪೋರ್ಟ್‌ಗೆ ಹಿಂತಿರುಗಿ ಅಲ್ಲಿಯೇ ನೆಲೆಸಿದರು. 1902ರ ಮಾರ್ಚ್ 2ರಂದು ನಿಧನರಾದಾಗ ಅವರಿಗೆ 79 ವರ್ಷ ವಯಸ್ಸಾಗಿತ್ತು.

ಪರಂಪರೆ ಮತ್ತು ಮೌಲ್ಯಮಾಪನ

ಟ್ರೈಪ್ ಅವರ ಚಿತ್ರಗಳು ದೀರ್ಘಕಾಲ ಗ್ರಂಥಾಲಯ ಮತ್ತು ಸರ್ಕಾರಿ ಸಂಗ್ರಹಗಳಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆರಂಭಿಕ ಛಾಯಾಗ್ರಹಣದ ಅಧ್ಯಯನ ಬೆಳೆದಂತೆ ಅವುಗಳ ಮಹತ್ವ ಮನವರಿಕೆಯಾಯಿತು. 2003ರಲ್ಲಿ ಜಾನೆಟ್ ಡ್ಯುವಾನ್ ಅವರು ಟ್ರೈಪ್ ಕೃತಿಗಳ ಸಮಗ್ರ ಪಟ್ಟಿಯನ್ನು ಪ್ರಕಟಿಸಿದರು. 2014-15ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಮತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಗಳಲ್ಲಿ ಅವರ ಭಾರತ ಮತ್ತು ಬರ್ಮಾ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು.

ಈ ಚಿತ್ರಗಳನ್ನು ಅವುಗಳ ರಾಜಕೀಯ ಸಂದರ್ಭದಿಂದ ಬೇರ್ಪಡಿಸಿ ನೋಡಲಾಗದು. ಹೊಸದಾಗಿ ಗೆದ್ದ ಅಥವಾ ಗೆಲ್ಲಬಹುದಾದ ನಾಡುಗಳ ಬಗ್ಗೆ ಮಾಹಿತಿ ಕಲೆಹಾಕುವುದು ಕಂಪನಿಯ ಆಡಳಿತದ ಭಾಗವಾಗಿತ್ತು, ಟ್ರೈಪ್ ಆ ಆಡಳಿತದ ನೌಕರರಾಗಿದ್ದರು. ಅವರ ಚಿತ್ರಗಳಲ್ಲಿ ದೇವಾಲಯಗಳಿವೆ, ಅಲ್ಲಿ ಪೂಜೆ ನಡೆಸಿ ಬದುಕಿದ ಜನರು ಬಹಳ ಕಡಿಮೆ. ಬೆಂಗಳೂರಿನಲ್ಲಿ ಸಾವಿರಾರು ಹಾಳೆಗಳನ್ನು ಬಿಸಿಲಿಗಿಟ್ಟು ಕಾದ ಸಹಾಯಕರ ಪಾಲು ಸಂಪುಟಗಳ ಶೀರ್ಷಿಕೆಗಳಲ್ಲಿ ಕಾಣುವುದಿಲ್ಲ.

ಕರ್ನಾಟಕದ ಮಟ್ಟಿಗೆ ಟ್ರೈಪ್ ಅವರ ಹೊಯ್ಸಳ ಚಿತ್ರಗಳಿಗೆ ಎರಡು ಬಗೆಯ ಬೆಲೆಯಿದೆ. ಆಧುನಿಕ ಸಂರಕ್ಷಣಾ ಕಾರ್ಯಗಳು ಆರಂಭವಾಗುವ ಮೊದಲು ದೇವಾಲಯಗಳು ಹೇಗಿದ್ದವು ಎಂಬುದಕ್ಕೆ ಅವು ಸಾಕ್ಷಿ. ಸಹಜ ಬೆಳಕು ಮತ್ತು ಮಿತವಾದ ವರ್ಣಗಳಿಂದ ಶಿಲ್ಪವೊಂದರ ವಿವರಗಳನ್ನು ಎಷ್ಟರ ಮಟ್ಟಿಗೆ ಹೊರತರಬಹುದು ಎಂಬುದಕ್ಕೂ ಅವು ನಿದರ್ಶನ. ಹಳೇಬೀಡಿನ ಗೋಡೆಗಳನ್ನು ಇಂದಿಗೂ ಡಿಸೆಂಬರ್ ತಿಂಗಳ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಿದವರಿಗೆ ಟ್ರೈಪ್ ಅಂದು ಬಳಸಿಕೊಂಡ ಬೆಳಕಿನ ಸ್ವರೂಪ ತಿಳಿಯುತ್ತದೆ.